ನೆಟ್ ಕಡಿಯುತ್ತಿದೆಯೇ? ತಪ್ಪು ತಂತಿಯದ್ದೋ, ಕಿಂಡಿಯದ್ದೋ?



ಕಳೆದ ಮಳೆಗಾಲದ ಒಂದು ಸಂಜೆ. ಮನೆಯಲ್ಲೇ ಧ್ವನಿಮುದ್ರಿಸಿದ ನಮ್ಮ ಕಾರ್ಯಕ್ರಮವನ್ನು ಸ್ಟುಡಿಯೋಗೆ ಕಳುಹಿಸುತ್ತಿದ್ದೆ. ಮುಕ್ಕಾಲು ಪಾಲು ಹೋಗುವಷ್ಟರಲ್ಲಿ ನೆಟ್ ಕಡಿಯಿತು. ಮತ್ತೆ ಕಳುಹಿಸಿದೆ, ಮತ್ತೆ ಕಡಿಯಿತು. ಒಳಕೋಣೆಗೆ ವೈಫೈ ಸರಿಯಾಗಿ ಬರುವುದಿಲ್ಲ, ಅದಕ್ಕೇ ತಂತಿ ಎಳೆಸಿಕೊಂಡದ್ದು. ಮೊಬೈಲ್ ನೆಟ್ ಕೂಡ ಆ ಮಳೆಯಲ್ಲಿ ಕೈಕೊಟ್ಟಿತ್ತು. ಕೊನೆಗೆ ಪೆನ್‌ಡ್ರೈವ್ ಚೀಲಕ್ಕೆ ಹಾಕಿಕೊಂಡು ಲೋಕಲ್ ಹಿಡಿದು ಓಡಿದೆ.

ಮರುದಿನ ಕೇಬಲ್‌ನವರ ಮೇಲೆ ಹರಿಹಾಯ್ದೆ. ಬಂದ ಹುಡುಗ ಏನೂ ಮಾತಾಡದೆ ಅದೇ ತಂತಿಯನ್ನು ತನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಕೂತ. ಅರ್ಧ ಗಂಟೆ ಕಳೆದರೂ ನೆಟ್ ಕದಲಲಿಲ್ಲ. ತಪ್ಪು ನನ್ನ ಲ್ಯಾಪ್‌ಟಾಪಿನ ಕಿಂಡಿಯದ್ದು! ರಿಪೇರಿ ಅಂಗಡಿಯವರು ಮದರ್‌ಬೋರ್ಡೇ ಬದಲಿಸಬೇಕು ಎಂದರು. ಬದಲಿಸಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ಆ ಕಿಂಡಿಯೊಳಗೆ ಕೂದಲಿನಷ್ಟು ತೆಳುವಾದ 8 ಪಿನ್ನುಗಳಿರುತ್ತವೆ. ದಿನಾ ತಂತಿ ಹಾಕಿ ತೆಗೆದು ಅವು ಬಾಗುತ್ತವೆ, ಕಿಂಡಿಯೇ ಸಡಿಲವಾಗುತ್ತದೆ. 100 ಮೆಗಾಬಿಟ್ ವೇಗಕ್ಕೆ 4 ಎಳೆ ಸಾಕು, 1000ಕ್ಕೆ ಎಂಟೂ ಬೇಕು. ಹಾಗಾಗಿ ಒಂದೆರಡು ಪಿನ್ನು ಕೈಬಿಟ್ಟರೆ ಕೆಲವೊಮ್ಮೆ ನೆಟ್ ಪೂರ್ತಿ ಸಾಯುವುದಿಲ್ಲ, ವೇಗ ಮಾತ್ರ 100ಕ್ಕೆ ಇಳಿದು ಅಲ್ಲೇ ಕೂರುತ್ತದೆ. ಲ್ಯಾಪ್‌ಟಾಪ್ ಸ್ವಲ್ಪ ಸರಿಸಿದಾಗ ನೆಟ್ ಹೋಗಿ ಬಂದು ಮಾಡಿದರೂ ಅನುಮಾನ ಇಲ್ಲಿಗೇ ಬರಬೇಕು.

ಆದರೆ ಮೊದಲು ತಂತಿಯನ್ನು ನೋಡಿ. ಸಿಕ್ಕಿಸಿದಾಗ 'ಟಕ್' ಎನ್ನದಿದ್ದರೆ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿರಬಹುದು. ಬೇರೆ ತಂತಿ ಹಾಕಿ ನೋಡಿ, ರೂಟರ್‌ನ ಬೇರೆ ಕಿಂಡಿಗೂ ಹಾಕಿ ನೋಡಿ. ಪಕ್ಕದ ಮನೆಯವರ ಲ್ಯಾಪ್‌ಟಾಪ್ ಹತ್ತು ನಿಮಿಷಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು.

ಕಿಂಡಿಯೇ ಕೆಟ್ಟಿದ್ದರೆ ಯುಎಸ್‌ಬಿ ಈಥರ್‌ನೆಟ್ ಅಡಾಪ್ಟರ್ ತನ್ನಿ. ಹೆಬ್ಬೆರಳುದ್ದದ ಈ ಡಬ್ಬಿಯೊಳಗೆ ಪೂರ್ತಿ ನೆಟ್‌ವರ್ಕ್ ಕಾರ್ಡೇ ಇರುತ್ತದೆ. ಒಂದು ತುದಿ ಯುಎಸ್‌ಬಿಗೆ, ಇನ್ನೊಂದಕ್ಕೆ ತಂತಿ. ಹಳೆಯ ಕಿಂಡಿಯ ಹಂಗೇ ಇಲ್ಲ. ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚ್ಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್, ಎಲ್ಲಿ ಕೇಳಿದರೂ ಕೊಡುತ್ತಾರೆ. ಅಗ್ಗದವು ಎಷ್ಟೋ 100 ಮೆಗಾಬಿಟ್‌ನವು. ನಿಮ್ಮ ಪ್ಲಾನ್ ಅದಕ್ಕಿಂತ ಹೆಚ್ಚಿನದಾದರೆ 'ಗಿಗಾಬಿಟ್, ಯುಎಸ್‌ಬಿ 3.0' ಎಂದು ಬಾಯಿಬಿಟ್ಟು ಕೇಳಿ. ಲ್ಯಾಪ್‌ಟಾಪಿನಲ್ಲೂ 3.0 ಕಿಂಡಿಗೇ ಹಾಕಿ. 2.0ರ ಮಿತಿ 480 ಮೆಗಾಬಿಟ್, ಕೈಗೆ ಸಿಗುವುದು ಅದಕ್ಕೂ ಕಡಿಮೆ. ಟೈಪ್-ಸಿ ಕಿಂಡಿ ಮಾತ್ರ ಇದ್ದರೆ ಅದಕ್ಕೆ ಹೊಂದುವುದನ್ನೇ ಕೊಳ್ಳಿ.

ವಿಂಡೋಸ್ 10, 11 ಸಾಮಾನ್ಯವಾಗಿ ತಾನೇ ಗುರುತಿಸುತ್ತವೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ನೆಟ್ ಹೋಗುತ್ತಿದ್ದರೆ ಅದು ವಿದ್ಯುತ್ ಉಳಿಸುವ ಏರ್ಪಾಡಿನ ಚೇಷ್ಟೆ ಇರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್ ಹೆಸರಿನ ಮೇಲೆ ಎರಡು ಸಲ ಒತ್ತಿ, 'ಪವರ್ ಮ್ಯಾನೇಜ್‌ಮೆಂಟ್' ಪುಟದಲ್ಲಿ ಮೊದಲ ಸಾಲಿನ ಗುರುತು ತೆಗೆಯಿರಿ.

ಇನ್ನೊಂದು ಮಾತು. ರೂಟರ್ ಇಲ್ಲದೆ ತಂತಿ ನೇರ ಲ್ಯಾಪ್‌ಟಾಪಿಗೇ ಬರುವ ಮನೆಗಳಲ್ಲಿ ಹೊಸ ಅಡಾಪ್ಟರ್ ಹಾಕಿದೊಡನೆ ನೆಟ್ ಬಾರದೇ ಹೋಗಬಹುದು, ಗಾಬರಿ ಬೇಡ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಮ್ಯಾಕ್ ವಿಳಾಸ ಎಂಬ 12 ಅಕ್ಷರ-ಅಂಕಿಗಳ ಗುರುತಿರುತ್ತದೆ. ಕೆಲವು ಕೇಬಲ್‌ನವರು ಹಳೆಯ ಗುರುತಿಗಷ್ಟೇ ಬಾಗಿಲು ತೆರೆದಿಟ್ಟಿರುತ್ತಾರೆ. ಹೊಸದನ್ನು ಹೇಳಿ ಬರೆಸಿದರೆ ಆಯಿತು. ಎಷ್ಟೋ ಅಡಾಪ್ಟರ್‌ಗಳ ಹಿಂಬದಿಯಲ್ಲೇ ಅದನ್ನು ಅಚ್ಚು ಹಾಕಿರುತ್ತಾರೆ.

ಅಡಾಪ್ಟರ್ ಹಾಕಿದ ಮೇಲೂ ಮೊದಲಿನಂತೆಯೇ ಕಡಿಯುತ್ತಿದ್ದರೆ ನಿಮ್ಮ ಹಳೆಯ ಕಿಂಡಿ ಬಹುಮಟ್ಟಿಗೆ ನಿರಪರಾಧಿ. ಆಗ ಕೇಬಲ್‌ನವರಿಗೆ ಧಾರಾಳವಾಗಿ ಫೋನ್ ಮಾಡಿ. ನನ್ನ ಹಾಗೆ ಹರಿಹಾಯುವುದು ಮಾತ್ರ ಬೇಡ.