ಓಲ್ನಿಯ ಇಬ್ಬರು ಮಿತ್ರರು

ಆಶಾಭಂಗದ ಕಾಲದಲ್ಲಿ ಕ್ರೈಸ್ತ ವಿಶ್ವಾಸವು ಉಳಿದುಬರುವುದು ಉಪದೇಶದಿಂದಲೋ ಸ್ನೇಹಿತರ ಸಲ್ಲಾಪದಿಂದಲೋ ಎಂಬ ಜಿಜ್ಞಾಸೆಯುಳ್ಳವರು, ಇಂಗ್ಲೆಂಡಿನ ಓಲ್ನಿಯೆಂಬ ಪುಟ್ಟ ಊರಿನಲ್ಲಿ ಪಾದ್ರಿಯಾಗಿದ್ದ ಜಾನ್ ನ್ಯೂಟನ್ನನಿಗೂ ಅವನ ನೆರೆಯವನಾದ ಕವಿ ವಿಲಿಯಂ ಕೂಪರನಿಗೂ ಇದ್ದ ಮೈತ್ರಿಯನ್ನು ಪರಿಶೀಲಿಸಬಹುದು. ದೇವರು ತನ್ನನ್ನು ಶಾಶ್ವತವಾಗಿ ತ್ಯಜಿಸಿರುವನೆಂಬ ಘೋರ ಭ್ರಾಂತಿಯು 1773ರಲ್ಲಿ ಕೂಪರನನ್ನು ಆವರಿಸಿ, ಅವನು ಚರ್ಚಿಗೆ ಹೋಗುವುದನ್ನೂ ಪ್ರಾರ್ಥಿಸುವುದನ್ನೂ ತೊರೆದಾಗ, ಒಂದು ಕಾಲಕ್ಕೆ ಗುಲಾಮರನ್ನು ಸಾಗಿಸುವ ಹಡಗಿನ ನಾಯಕನಾಗಿದ್ದು ತಾನೇ ಕ್ಷಮೆಯ ಋಣಿಯೆಂದು ಬಲ್ಲ ನ್ಯೂಟನ್ನನು ಅವನನ್ನು ಒಂದು ವರ್ಷದಷ್ಟು ಕಾಲ ಸ್ವಗೃಹದಲ್ಲಿಯೇ ಇರಿಸಿಕೊಂಡು ಉಪಚರಿಸಿದನು. ವಾದದಿಂದ ವಿಷಾದವು ಕರಗದೆಂಬುದನ್ನು ಅನುಭವಸ್ಥರೆಲ್ಲರೂ ಬಲ್ಲರಷ್ಟೆ! 1779ರಲ್ಲಿ ಇಬ್ಬರ ಸ್ತೋತ್ರಗೀತೆಗಳೂ ಒಂದೇ ಸಂಪುಟವಾಗಿ ಪ್ರಕಟವಾದುವು. ಮರುವರ್ಷ ನ್ಯೂಟನ್ನನು ಲಂಡನ್ನಿಗೆ ತೆರಳಿದ ಮೇಲೆಯೂ ಅವರ ಸಂಭಾಷಣೆಯು ಪತ್ರರೂಪದಲ್ಲಿ ಮುಂದುವರಿಯಿತು.

ಕೂಪರನು ಗುಣಹೊಂದಿದನೆಂದು ಮಾತ್ರ ಹೇಳುವಂತಿಲ್ಲ. 1800ರಲ್ಲಿ ತೀರಿಕೊಳ್ಳುವವರೆಗೂ ಆ ಭ್ರಾಂತಿಯು ಅವನನ್ನು ಪೂರ್ಣವಾಗಿ ಬಿಡಲಿಲ್ಲ. ಸ್ವತಃ ನಂಬಲಾರದವನ ಪರವಾಗಿ ಮಿತ್ರನು ನಂಬಿಕೆಯಿಟ್ಟು ಮಾತನಾಡುತ್ತಲೇ ಇದ್ದುದು ಈ ಮೈತ್ರಿಯ ವೈಶಿಷ್ಟ್ಯ. ನ್ಯೂಟನ್ನನ ಕಠೋರ ಮತತತ್ತ್ವವೇ ಕವಿಯ ವ್ಯಾಧಿಗೆ ಕಾರಣವೆಂದು ದೂಷಿಸಿದ ವಿಮರ್ಶಕರುಂಟು. ಆದರೆ ಕೂಪರನಿಗೆ ಚಿತ್ತಭ್ರಮಣೆಯು ತೀವ್ರವಾಗಿ ತಲೆದೋರಿದ್ದುದು 1763ರಲ್ಲಿ, ನ್ಯೂಟನ್ನನ ಪರಿಚಯವಾಗುವುದಕ್ಕೆ ನಾಲ್ಕು ವರ್ಷ ಮೊದಲೇ.