ಕಣ್ಣಿನ ನೆತ್ತರ ಕಾಲುವೆಗಳು

ಜೀವಂತ ದೇಹವನ್ನು ಕೊಯ್ಯದೆ ರಕ್ತನಾಳಗಳು ಕವಲೊಡೆದು ಹರಡಿರುವುದನ್ನು ನೋಡಬೇಕೆಂದರೆ, ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕಿಂತ ಉತ್ತಮವಾದ ಸ್ಥಳ ನಮಗೆ ದೊರೆಯದು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತನ್ನ ನೇತ್ರದರ್ಶಕವನ್ನು ಕುರಿತು ಪ್ರಕಟಿಸಿದಂದಿನಿಂದ ವೈದ್ಯರು ಈ ಕಿಟಕಿಯಲ್ಲಿ ಇಣುಕುತ್ತಲೇ ಇದ್ದಾರೆ.

ಗ್ಲಾಕೋಮ ರೋಗದಲ್ಲಿ ಈ ನೋಟಕ್ಕೆ ವಿಶೇಷವಾದ ಬೆಲೆಯುಂಟು. ಅಕ್ಷಿಪಟಲದಿಂದ ಹೊರಡುವ ಸುಮಾರು ಹತ್ತು ಲಕ್ಷ ನರತಂತುಗಳು, ಒಂದೂವರೆ ಮಿಲಿಮೀಟರಿನಷ್ಟು ಅಗಲದ ಬಿಲ್ಲೆಯೊಂದರಲ್ಲಿ ಕೂಡಿ, ದೃಷ್ಟಿನರವಾಗಿ ಮಿದುಳನ್ನು ಸೇರುತ್ತವೆ. ಗ್ಲಾಕೋಮದಲ್ಲಿ ಈ ತಂತುಗಳು ಸಾಯುತ್ತ ಹೋಗುತ್ತವೆ. ಬಿಲ್ಲೆಯ ನಡುವಣ ಗುಳಿ ಅಗಲವಾಗುತ್ತದೆ. ಸಾಮಾನ್ಯವಾದ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುವುದರಿಂದ ರೋಗಿಗೆ ಏನೂ ತಿಳಿಯದು. ಪಂಚಾಂಗದ ಸಣ್ಣ ಅಕ್ಷರವನ್ನು ಓದಬಲ್ಲವನೇ, ಪಕ್ಕದ ನೋಟ ಕುಂದಿ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗುತ್ತಾನೆ. ಸತ್ತ ತಂತು ಮರಳಿ ಬೆಳೆಯುವುದಿಲ್ಲ.

ಕಣ್ಣಿನೊಳಗಣ ದ್ರವದ ಒತ್ತಡವು ಹೆಚ್ಚುವುದೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಿದ್ದರು. ಪಾದರಸದ 10ರಿಂದ 21 ಮಿಲಿಮೀಟರು ಸಹಜವಾದ ಒತ್ತಡ. ಆದರೆ ಆ ಮಿತಿಯೊಳಗೇ ಇದ್ದು ದೃಷ್ಟಿ ಕಳೆದುಕೊಳ್ಳುವವರಿದ್ದಾರೆ. ಮಿತಿ ಮೀರಿಯೂ ಕೆಡದವರಿದ್ದಾರೆ. ಹಾಗಾದರೆ ತಂತುಗಳಿಗೆ ರಕ್ತ ಸಾಲದೆ ಹೋಯಿತೆ?

1961ರಲ್ಲಿ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದ ನೊವಾಟ್ನಿ ಮತ್ತು ಆಲ್ವಿಸ್ ಎಂಬಿಬ್ಬರು, ಸಿರೆಗೆ ಚುಚ್ಚಿದ ಫ್ಲೂರೆಸಿನ್ ಬಣ್ಣವು ಅಕ್ಷಿಪಟಲದಲ್ಲಿ ಹೊಳೆಯುತ್ತ ಹರಿಯುವುದನ್ನು ಛಾಯಾಚಿತ್ರದಲ್ಲಿ ಹಿಡಿದುದನ್ನು ಪ್ರಕಟಿಸಿದರು. ಆಗ ಅವರಿನ್ನೂ ವೈದ್ಯವಿದ್ಯಾರ್ಥಿಗಳು! ಆದರೆ ಆ ಚಿತ್ರದಲ್ಲಿ ಮೇಲಿನ ಪದರ, ಕೆಳಗಿನ ಪದರಗಳು ಒಂದರ ಮೇಲೊಂದು ಬೀಳುತ್ತವೆ.

1991ರಲ್ಲಿ ಬೆಳಕಿಗೆ ಬಂದ ಓ.ಸಿ.ಟಿ. ಉಪಕರಣವು ಬೆಳಕಿನ ಪ್ರತಿಫಲನದಿಂದಲೇ ಪದರಗಳನ್ನು ಬೇರ್ಪಡಿಸಿತು. ಅದರಿಂದ ಹುಟ್ಟಿದ ಓ.ಸಿ.ಟಿ. ಆಂಜಿಯೋಗ್ರಫಿಗೆ ಬಣ್ಣವೂ ಬೇಡ, ಸೂಜಿಯೂ ಬೇಡ. ಮಾಳಿಗೆಯ ಮೇಲೆ ನಿಂತು ಸಂತೆಬೀದಿಯನ್ನು ಕ್ಷಣದ ಅಂತರದಲ್ಲಿ ಎರಡು ಸಲ ಚಿತ್ರಿಸಿದೆವೆನ್ನಿ. ಅಂಗಡಿಗಳು ಇದ್ದಲ್ಲೇ ಇರುತ್ತವೆ, ಜನ ಸರಿದಿರುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಜನರ ಜಾಡು. ಅಕ್ಷಿಪಟಲದಲ್ಲಿ ಸರಿಯುವವು ಕೆಂಪು ರಕ್ತಕಣಗಳು. ಬಹಳ ನಿಧಾನವಾಗಿ ಸರಿಯುವ ಕಣ ಚಿತ್ರಕ್ಕೆ ಸಿಕ್ಕದು. ರೋಗಿ ಕಣ್ಣು ಕದಲಿಸಿದರೆ ಅಂಗಡಿಗಳೂ ನಡೆದಂತೆ ತೋರುತ್ತವೆ.

ಗ್ಲಾಕೋಮವಿರುವವರಲ್ಲಿ, ತಂತುಗಳು ತೆಳುವಾದೆಡೆ ಲೋಮನಾಳಗಳ ಬಲೆಯೂ ವಿರಳವಾಗಿರುವುದು ಕಂಡಿದೆ. ಕಾಲುವೆ ಬತ್ತಿ ಬೆಳೆ ಒಣಗಿತೋ, ಬೆಳೆಯೇ ಇಲ್ಲವಾದುದರಿಂದ ಕಾಲುವೆಗೆ ನೀರು ಬಿಡಲಿಲ್ಲವೋ ಎಂಬುದನ್ನು ಚಿತ್ರವೊಂದೇ ಹೇಳಲಾರದು. ಆದರೂ ರೋಗ ಬಲಿತ ಮೇಲೆ ತಂತುಪದರವು ಇನ್ನು ತೆಳುವಾಗಲಾರದ ಮಟ್ಟಕ್ಕೆ ಇಳಿದಾಗ, ಈ ಬಲೆಯ ಅಳತೆ ಮುಂದಿನ ಹಾನಿಯನ್ನು ತೋರಿಸಬಲ್ಲುದು.

ಚಿಕಿತ್ಸೆ ಮಾತ್ರ ಹಳೆಯದೇ: ಹನಿಮದ್ದು, ಲೇಸರ್ ಅಥವಾ ಶಸ್ತ್ರಕ್ರಿಯೆಯಿಂದ ಒತ್ತಡವನ್ನು ತಗ್ಗಿಸುವುದು. ಒತ್ತಡ ಸಹಜವಾಗಿರುವವರಿಗೂ ಅದರಿಂದ ಪ್ರಯೋಜನವುಂಟು. ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಈ ರೋಗವಿದ್ದವರು, ಒತ್ತಡವನ್ನಷ್ಟೇ ಅಳೆಯಿಸಿ ಸುಮ್ಮನಾಗದೆ, ದೃಷ್ಟಿನರದ ಬಿಲ್ಲೆಯನ್ನೂ ಪಕ್ಕದ ನೋಟವನ್ನೂ ಪರೀಕ್ಷಿಸಿಕೊಳ್ಳಬೇಕು.