ಹಳೆಯ ಗಣಕಯಂತ್ರ, ಪರವಾನಗಿಯಿಲ್ಲದ ವಿಂಡೋಸ್: ವರ್ತಕರು ಅರಿಯಬೇಕಾದ ಸಂಗತಿಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ, ದೊಡ್ಡ ಕಂಪನಿಗಳು ವಿಲೇವಾರಿ ಮಾಡಿದ ಸರಕಿನಿಂದಲೋ ಬಳಸಿದ ಗಣಕಯಂತ್ರಗಳನ್ನು ಕೊಂಡು ತರುವುದು ಸಣ್ಣ ಉದ್ಯಮಗಳಲ್ಲಿ ರೂಢಿಯಾಗಿದೆ. ಲೆಕ್ಕಪತ್ರ, ಜಿ.ಎಸ್.ಟಿ. ವಿವರಪಟ್ಟಿ ಮತ್ತು ಪತ್ರವ್ಯವಹಾರಕ್ಕೆ ಅಂತಹ ಯಂತ್ರ ಸಾಕಾಗುತ್ತದೆ. ಮಾರುವವರು ವಿಂಡೋಸ್ ಹಾಕಿಯೇ ಕೊಟ್ಟಿರುವುದಾಗಿ ಹೇಳುತ್ತಾರೆ. ಬಿಲ್ಲಿನಲ್ಲಿ ಮಾತ್ರ ಅದರ ಪ್ರಸ್ತಾಪವಿರುವುದಿಲ್ಲ. ಕೆಲವು ತಿಂಗಳ ಬಳಿಕ ಪರದೆಯ ಬಲ ಮೂಲೆಯಲ್ಲಿ ವಿಂಡೋಸನ್ನು ಸಕ್ರಿಯಗೊಳಿಸಬೇಕೆಂಬ ಮಸುಕಾದ ಸೂಚನೆ ಮೂಡಿದಾಗಲೇ ಮಾಲೀಕರಿಗೆ ನಿಜಸ್ಥಿತಿಯ ಅರಿವಾಗುವುದು.

ಕಾನೂನು ಏನು ಹೇಳುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯ ಮೂಲಕ 63ಬಿ ಕಲಮನ್ನು ಸೇರಿಸಲಾಯಿತು. ನಕಲಿ ತಂತ್ರಾಂಶವೆಂದು ತಿಳಿದೂ ಅದನ್ನು ಗಣಕಯಂತ್ರದಲ್ಲಿ ಬಳಸಿದವರಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡವನ್ನು ಈ ಕಲಮು ವಿಧಿಸುತ್ತದೆ. ಲಾಭಕ್ಕಾಗಲೀ ವ್ಯಾಪಾರಕ್ಕಾಗಲೀ ಬಳಸಿಲ್ಲವಾದರೆ ನ್ಯಾಯಾಲಯವು ಸೆರೆವಾಸವನ್ನು ಕೈಬಿಡಬಹುದು. ಆದರೆ ಅಂಗಡಿ, ಕಾರ್ಖಾನೆಗಳಲ್ಲಿನ ಬಳಕೆಗೆ ಈ ವಿನಾಯಿತಿ ಒದಗುವುದಿಲ್ಲ. ‘ತಿಳಿದೂ’ ಎಂಬ ಪದವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಪರದೆಯೇ ಎಚ್ಚರಿಸಿದ ಮೇಲೂ ಬಳಕೆ ಮುಂದುವರಿಸಿದವರು ತಮಗೆ ತಿಳಿದಿರಲಿಲ್ಲವೆಂದು ವಾದಿಸುವುದು ಕಷ್ಟ.

ಅಪಾಯ ಕಾನೂನಿನದಷ್ಟೇ ಅಲ್ಲ. ಬೀಗ ಮುರಿದ ವಿಂಡೋಸನ್ನು ಚಾಲನೆಗೊಳಿಸುವ ಕಿರುತಂತ್ರಾಂಶಗಳೊಡನೆ ವೈರಸ್‌ಗಳು ಒಳನುಗ್ಗುವುದುಂಟು. ಇಂತಹ ಯಂತ್ರಗಳಲ್ಲಿ ಸುರಕ್ಷತಾ ಪರಿಷ್ಕರಣೆಗಳನ್ನು ಹಲವೊಮ್ಮೆ ಸ್ಥಗಿತಗೊಳಿಸಿರುತ್ತಾರೆ. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ವಾನ್ನಾಕ್ರೈ ದಾಳಿ ಹರಡಿದ್ದು ಪರಿಷ್ಕರಣೆ ಕಾಣದ ಯಂತ್ರಗಳ ಮೂಲಕವೇ. ಯಂತ್ರದ ಬೆಲೆಗಿಂತ ಅದರೊಳಗಿನ ಲೆಕ್ಕಪುಸ್ತಕದ ಬೆಲೆ ದೊಡ್ಡದು.

ಪರೀಕ್ಷಿಸುವ ಬಗೆ

ಯಂತ್ರದಲ್ಲಿರುವುದೆಲ್ಲ ನಕಲಿಯೆಂದು ಭಾವಿಸಬೇಕಾಗಿಲ್ಲ. ತಯಾರಕರು ಅಳವಡಿಸಿ ಕೊಟ್ಟ ಪರವಾನಗಿಯು ಆ ಯಂತ್ರಕ್ಕೇ ಅಂಟಿಕೊಂಡಿದ್ದು, ಯಂತ್ರ ಕೈಬದಲಾದಾಗ ಅದರೊಡನೆ ಸಾಗುತ್ತದೆ. ವಿಂಡೋಸ್ 7ರವರೆಗೆ ಇದಕ್ಕೆ ಪೆಟ್ಟಿಗೆಯ ಮೇಲೆ ಚೀಟಿ ಇರುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಕೀಲಿಸಂಖ್ಯೆಯನ್ನು ಮದರ್‌ಬೋರ್ಡಿನಲ್ಲೇ ಅಡಕಗೊಳಿಸಲಾಗುತ್ತಿದೆ. ಅಂತಹ ಯಂತ್ರದಲ್ಲಿ ಅದೇ ಆವೃತ್ತಿಯನ್ನು, ಎಂದರೆ ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ, ಮರುಸ್ಥಾಪಿಸಿದರೆ ಅದು ತಾನಾಗಿ ಸಕ್ರಿಯಗೊಳ್ಳುತ್ತದೆ. ಎಷ್ಟೋ ವೇಳೆ ಅಸಲಿ ಪರವಾನಗಿ ಯಂತ್ರದಲ್ಲೇ ಅಡಗಿರುತ್ತದೆ, ಅದರ ಮೇಲೆ ನಕಲಿ ಪ್ರತಿ ಕುಳಿತಿರುತ್ತದೆ.

ಸೆಟ್ಟಿಂಗ್ಸ್‌ನಲ್ಲಿರುವ ಆಕ್ಟಿವೇಷನ್ ಪುಟವನ್ನು ತೆರೆದರೆ ಸ್ಥಿತಿ ತಿಳಿಯುತ್ತದೆ. ಡಿಜಿಟಲ್ ಲೈಸೆನ್ಸ್‌ನಿಂದ ಸಕ್ರಿಯವಾಗಿದೆ ಎಂದಿದ್ದರೆ ಅದು ಒಳ್ಳೆಯ ಲಕ್ಷಣ. ಸಂಸ್ಥೆಯೊಂದರ ಸಕ್ರಿಯಗೊಳಿಸುವ ಸೇವೆಯಿಂದ ಸಕ್ರಿಯವಾಗಿದೆ ಎಂದಿದ್ದರೆ ಸಂಶಯಿಸಬೇಕು. ಇದು ದೊಡ್ಡ ಕಂಪನಿಗಳು ಸಗಟಾಗಿ ಪಡೆಯುವ ಪರವಾನಗಿಯ ಗುರುತು. ಯಂತ್ರ ಮಾರಾಟವಾದ ಮಾತ್ರಕ್ಕೆ ಅದು ಹೊಸ ಮಾಲೀಕರಿಗೆ ಬರುವುದಿಲ್ಲ. ಈ ಸಕ್ರಿಯತೆಯ ಅವಧಿ 180 ದಿನಗಳು. ನವೀಕರಣವಾಗದಿದ್ದರೆ ಎಚ್ಚರಿಕೆ ಮರಳುತ್ತದೆ. ನಕಲಿ ಚಾಲಕಗಳು ಅನುಕರಿಸುವುದೂ ಹೆಚ್ಚಾಗಿ ಇದನ್ನೇ.

ಮುಂದಿನ ದಾರಿಗಳು

ಯಾವ ಕ್ರಮಕ್ಕೂ ಮೊದಲು ಲೆಕ್ಕದ ಕಡತಗಳನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡಿಕೊಂಡು, ಅದು ಬೇರೊಂದು ಯಂತ್ರದಲ್ಲಿ ತೆರೆಯುವುದೇ ಎಂದು ನೋಡಬೇಕು. ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಒಳಿತು.

ಯಂತ್ರದಲ್ಲಿ ಅಡಕವಾದ ಪರವಾನಗಿ ಇದ್ದರೆ ಮೈಕ್ರೋಸಾಫ್ಟ್ ಜಾಲತಾಣದಿಂದ ವಿಂಡೋಸ್ ಪಡೆದು, ಡಿಸ್ಕನ್ನು ಪೂರ್ತಿ ಅಳಿಸಿ ಮರುಸ್ಥಾಪಿಸುವುದು ಮೊದಲ ದಾರಿ. ಇದಕ್ಕೆ ಖರ್ಚಿಲ್ಲ. ಆದರೆ ವಿಂಡೋಸ್ 7 ಮತ್ತು 8ರ ಕೀಲಿಸಂಖ್ಯೆಗಳಿಂದ ಹೊಸ ಆವೃತ್ತಿಗಳನ್ನು ಸಕ್ರಿಯಗೊಳಿಸುವ ಮಾರ್ಗ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿಹೋಯಿತು.

ಎರಡನೆಯದು ಹೊಸ ಪರವಾನಗಿಯ ಖರೀದಿ. ಹಣ ಕೊಡುವ ಮೊದಲು ಯಂತ್ರದ ಅರ್ಹತೆ ನೋಡಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಚಿಪ್, ಕನಿಷ್ಠ 4 ಜಿ.ಬಿ. ರ‍್ಯಾಮ್, ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಅಥವಾ ನಂತರದ ಪೀಳಿಗೆಯ ಪ್ರೊಸೆಸರ್ ಅಗತ್ಯ. ಇವಿಲ್ಲದ ಯಂತ್ರಕ್ಕೆ ಪರವಾನಗಿ ಕೊಳ್ಳುವುದು ವ್ಯರ್ಥ. ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ಬಿಡಿ ಕೀಲಿಸಂಖ್ಯೆಗಳೂ ಬೇಡ.

ಮೂರನೆಯದು ಉಬುಂಟು, ಲಿನಕ್ಸ್ ಮಿಂಟ್‌ಗಳಂತಹ ಮುಕ್ತ ತಂತ್ರಾಂಶ. ಇವು ಉಚಿತ, ಹಳೆಯ ಯಂತ್ರಗಳಲ್ಲೂ ಓಡುತ್ತವೆ. ಪತ್ರ ಮತ್ತು ಪಟ್ಟಿಗಳಿಗೆ ಲಿಬ್ರೆಆಫೀಸ್ ಇದೆ. ಟ್ಯಾಲಿ ಮಾತ್ರ ವಿಂಡೋಸ್‌ಗಾಗಿಯೇ ರೂಪುಗೊಂಡದ್ದು. ಆದುದರಿಂದ ಲೆಕ್ಕದ ಒಂದು ಯಂತ್ರಕ್ಕೆ ಅಸಲಿ ವಿಂಡೋಸ್, ಉಳಿದವಕ್ಕೆ ಲಿನಕ್ಸ್ ಎಂಬ ಹಂಚಿಕೆ ಹಲವರಿಗೆ ಹೊಂದೀತು. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ, ಮುದ್ರಣಯಂತ್ರ ಮತ್ತು ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡುವವೇ ಎಂದು ಮೊದಲೇ ಪರೀಕ್ಷಿಸಬಹುದು.

ಕೊಳ್ಳುವಾಗಿನ ಎಚ್ಚರ

ಮುಂದಿನ ಖರೀದಿಯಲ್ಲಿ ಯಂತ್ರದ ಕ್ರಮಸಂಖ್ಯೆ, ವಿಂಡೋಸ್ ಆವೃತ್ತಿ ಮತ್ತು ಪರವಾನಗಿಯ ಬಗೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಆಕ್ಟಿವೇಷನ್ ಪುಟವನ್ನು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವವರಿಂದ ವಿಂಡೋಸ್ ಇಲ್ಲದ ಯಂತ್ರವನ್ನು ಅದಕ್ಕೆ ತಕ್ಕ ಬೆಲೆಗೆ ಕೊಳ್ಳುವುದೇ ಲೇಸು. ತೂಕದ ಕಲ್ಲಿಗೆ ಮುದ್ರೆ ಇದೆಯೇ ಎಂದು ನೋಡುವ ವರ್ತಕರಿಗೆ ಈ ಎಚ್ಚರ ಹೊಸದೇನಲ್ಲ.